ಲೆಕ್ಕ ಮಾಡದ ಯಂತ್ರ

ಈ ಸಲದ ಆಯುಧಪೂಜೆಯ ದಿನ ಹರಿಹರದ ತಂಗಿಯ ಮನೆಗೆ ಹೋಗಿದ್ದೆ. ಊಟ ಮುಗಿಸಿ ಬಸ್ ನಿಲ್ದಾಣದ ಕಡೆ ನಡೆದು ಬರುತ್ತಿದ್ದವಳ ಕಾಲು ಒಂದು ಗ್ಯಾರೇಜಿನ ಮುಂದೆ ತಾನಾಗಿ ನಿಂತುಬಿಟ್ಟಿತು. ಬಾಗಿಲಲ್ಲಿ ಬಾಳೆಲೆ ಹಾಸಿ, ಸ್ಪ್ಯಾನರು, ಜಾಕು, ಸುತ್ತಿಗೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದರು. ಒಂದೊಂದಕ್ಕೂ ಹಸಿ ಅರಿಶಿನ, ಅದರ ಮೇಲೆ ಕುಂಕುಮ, ತಲೆಗೊಂದು ಚೆಂಡುಹೂವು. ಕರ್ಪೂರ ಆಗತಾನೇ ಆರಿತ್ತು. ಆ ಹೊಗೆ, ಹಸಿ ಅರಿಶಿನದ ವಾಸನೆ, ಪಕ್ಕದ ಬುಟ್ಟಿಯ ಮಂಡಕ್ಕಿಯ ಘಮ ಮೂರೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನನ್ನ ಎದೆ ಧಸಕ್ಕೆಂದಿತು.

"ಬರ್ರಿ ಅಕ್ಕಾರೆ, ಪ್ರಸಾದ ತಗೊಳ್ರಿ," ಎಂದು ಗ್ಯಾರೇಜಿನವನು ಮಂಡಕ್ಕಿಯ ಪೊಟ್ಟಣ ಚಾಚಿದ.

"ಇವಕ್ಕೆ ಏನೂ ಆಗಲ್ಲ ಅಲ್ಲೇನಪ್ಪ?" ಎಂದೆ. ಮಾತು ಬಾಯಿಂದ ಜಾರಿಯೇ ಹೋಗಿತ್ತು.

ಅವನು ನನ್ನನ್ನೂ ಸ್ಪ್ಯಾನರನ್ನೂ ಒಂದು ಸಲ ನೋಡಿದ. "ಸ್ಪ್ಯಾನರಿಗೆ ಏನಾಗ್ತೈತ್ರಿ?"

ನಿಜ, ಸ್ಪ್ಯಾನರಿಗೆ ಏನಾಗುತ್ತದೆ? ಪೊಟ್ಟಣ ಇಸಿದುಕೊಂಡು ಬಸ್ ಹತ್ತಿದೆ. ಆದರೆ ದಾವಣಗೆರೆ ಬರುವ ತನಕ ಆ ಪೊಟ್ಟಣ ಬಿಚ್ಚಲಿಲ್ಲ. ಕೆಲವು ವರ್ಷಗಳ ಹಿಂದಿನ ಆ ಮುಂಗಾರು, ಆ ದಸರಾ ಮತ್ತೆ ಬಂದು ಪಕ್ಕದ ಸೀಟಿನಲ್ಲಿ ಕೂತಿತ್ತು.

ಆಗ ನಾನು ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಉಸ್ತುವಾರಿ ಎಂಬುದು ಹೆಸರಿಗೆ ದೊಡ್ಡದು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ "ಸುಮಂಗಲಾ ಮೇಡಂನ ಕರೀರಿ" ಎನ್ನುತ್ತಿದ್ದರು. ಆರಿದ್ರ ಮಳೆ ಹಿಡಿದ ವಾರದಲ್ಲಿ ಕಾಲೇಜಿಗೆ ಕ್ಲಸ್ಟರ್ ಮಂಜೂರಾಗಿದೆ ಎಂಬ ಸುದ್ದಿ ಬಂತು. ಬಹಳಷ್ಟು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ, ಒಂದು ದೊಡ್ಡ ಲೆಕ್ಕವನ್ನು ಎಲ್ಲವೂ ಹಂಚಿಕೊಂಡು ಮಾಡುವಂತೆ ಹೂಡುವುದೇ ಕ್ಲಸ್ಟರು. ಒಂಟಿ ಕಂಪ್ಯೂಟರು ವರ್ಷಗಟ್ಟಲೆ ಏದುಸಿರು ಬಿಡುವ ಕೆಲಸವನ್ನು ಅದು ಕೆಲವೇ ವಾರಗಳಲ್ಲಿ ಮುಗಿಸುತ್ತದೆ.

ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಕುಣಿದಾಡಿದವಳು ಗಿರಿಜಾ. ಹರಿಹರದ ಪಕ್ಕದ, ಹೊಳೆದಂಡೆಯ ಗುತ್ತೂರಿನವಳು. ಅಪ್ಪ ಹಗಲು ಕಾರ್ಖಾನೆಗೆ ಹೋಗಿ ಬಂದು ಸಂಜೆ ಹೊಲ ನೋಡಿಕೊಳ್ಳುವವರು. ಗಿರಿಜಾ ಸಿವಿಲ್ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ತುಂಗಭದ್ರೆ ಉಕ್ಕಿದಾಗ ಹರಿಹರದ ಸುತ್ತ ಯಾವ ಓಣಿಗೆ, ಯಾವ ಹೊಲಕ್ಕೆ, ಎಷ್ಟು ಹೊತ್ತಿಗೆ ನೀರು ನುಗ್ಗುತ್ತದೆ ಎಂದು ಮೊದಲೇ ತೋರಿಸುವ ನಕಾಶೆ ಅವಳ ಕೆಲಸ. ಹೊಳೆಯ ಒಂದೊಂದು ತುಂಡಿಗೂ ಲೆಕ್ಕ. ಅವಳ ಮೇಜಿನ ಮೇಲಿದ್ದ ಕಂಪ್ಯೂಟರು ಆ ಲೆಕ್ಕವನ್ನು ಅರ್ಧಕ್ಕೆ ತಂದು ಸುಟ್ಟುಹೋಗಿತ್ತು. ನಡುವೆ ಬಾಣಂತನವೂ ಆಯಿತು. ಯೂನಿವರ್ಸಿಟಿಯವರು ಕೊಡುವ ಗಡುವೆಲ್ಲ ಕೊಟ್ಟು, ಈ ದಸರಾ ಮುಗಿದ ಮೇಲೆ ಇನ್ನಿಲ್ಲ ಎಂದು ಬರೆದಿದ್ದರು. ಅಷ್ಟರಲ್ಲಿ ಪ್ರಬಂಧ ಕೊಡದಿದ್ದರೆ ನೋಂದಣಿಯೇ ರದ್ದು. ಅಷ್ಟೂ ವರ್ಷದ ದುಡಿಮೆ ಹೊಳೆಪಾಲು.

"ಅಕ್ಕ, ಮಷೀನ್ ಲಗೂನ ತರಿಸ್ರಿ. ನನ್ನ ಜೀವ ಇದ್ರಾಗೈತೆ," ಎಂದು ದಿನಕ್ಕೊಮ್ಮೆ ಬಂದು ಹೇಳಿ ಹೋಗುತ್ತಿದ್ದಳು.

ಯಾವ ಯಂತ್ರ ಕೊಳ್ಳಬೇಕು ಎಂದು ಆರಿಸಲು ಒಂದು ಸಮಿತಿಯಾಯಿತು. ಅದಕ್ಕೆ ಹಿರಿಯರು ಪ್ರಿನ್ಸಿಪಾಲ್ ಹಾಲಪ್ಪ ಸರ್. ಮಲೆಬೆನ್ನೂರು ಕಡೆಯ ಭತ್ತದ ಗದ್ದೆಯವರು. ದೊಡ್ಡ ದನಿ, ಅದಕ್ಕಿಂತ ದೊಡ್ಡ ಮನಸ್ಸು. ಯಾರಿಗೂ ಕೆಟ್ಟದ್ದು ಬಯಸಿದವರಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಸುಮ್ಮನೆ ಕೂತವರನ್ನು ಕಂಡರೆ ಅವರಿಗೆ ಆಗದು, ಯಂತ್ರವಾದರೂ ಸರಿಯೇ.

ನಾನು ಕೊಟ್ಟ ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದರು, "ಇವೆಲ್ಲ ದುಡಿಯೋ ಮಷೀನು, ತಿಳೀತು. ಮ್ಯಾಲೆ ಬರೆದೀರಲ್ಲ, ಇವು ಮೂರು ಎದಕ್ಕೆ?"

"ಒಂದು ಲಾಗಿನ್ ಸರ್ವರ್ ಸರ್. ಎಲ್ಲಾರೂ ಮೊದಲು ಬಂದು ಕೂಡೋದು ಅಲ್ಲೇ, ಕೆಲಸ ಒಳಗೆ ಕಳಿಸೋದು ಅಲ್ಲಿಂದಾನೇ. ಮನೆ ಮುಂದಿನ ಜಗುಲಿ ಅಂದ್ಕೊಳ್ರಿ. ಇನ್ನೆರಡು ಮ್ಯಾನೇಜ್‌ಮೆಂಟ್ ಸರ್ವರ್. ಯಾರ ಕೆಲಸ ಯಾವ ಮಷೀನಿಗೆ, ಯಾವಾಗ ಅಂತ ಅಪ್ಪಣೆ ಕೊಡೋ ಯಜಮಾನ. ಎಲ್ಲಾರ ಫೈಲ್ ಇರೋ ಡಿಸ್ಕೂ ಅದರ ಮೈಯಾಗೇ ಇರ್ತಾವೆ."

"ಈ ಯಜಮಾನ ಲೆಕ್ಕ ಮಾಡ್ತಾನೇನು?"

"ಇಲ್ಲ ಸರ್. ಅದು ಲೆಕ್ಕ ಮಾಡಲ್ಲ."

ಖರೇ ಮಾತನ್ನೇ ಆಡಿದ್ದೆ. ಆ ಮಾತು ಒಂದು ದಿನ ಅರಿಶಿನ ಕುಂಕುಮ ಹಚ್ಚಿಕೊಂಡು ನನ್ನ ಮುಂದೆಯೇ ಬಂದು ನಿಲ್ಲುತ್ತದೆಂದು ಯಾರಿಗೆ ಗೊತ್ತಿತ್ತು!

ಮಾರಲು ಬಂದ ಕಂಪನಿಯವರು ಅದೇ ಸಮಯ ನೋಡಿ, "ಲಾಗಿನ್ನು, ಮ್ಯಾನೇಜ್‌ಮೆಂಟು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿಕೊಡ್ತೀವಿ ಸರ್, ತುಂಬ ಕಡೆ ಹಾಗೇ ಇರೋದು," ಎಂದರು. ಹಾಲಪ್ಪ ಸರ್ ಮುಖ ಅರಳಿತು. ಉಳಿದ ಎರಡರ ಬದಲು ದುಡಿಯುವ ಯಂತ್ರ ಇನ್ನಷ್ಟು ಬರುತ್ತವಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಮಾತಿಗೆ ನನ್ನ ತಿಂಗಳ ಕೆಲಸ ಮಣ್ಣುಗೂಡುತ್ತಿತ್ತು.

ಮರುದಿನ ಬೆಳಿಗ್ಗೆ ಒಂದು ಕೆಲಸ ಮಾಡಿದೆ. ಇಡೀ ಕಾಲೇಜಿನ ಸಂಶೋಧನೆಯ ಮಕ್ಕಳನ್ನು ಕರೆದು, "ಎಲ್ಲಾರೂ ಪ್ರಿನ್ಸಿಪಾಲ್ ರೂಮಿಗೆ ಹೋಗ್ರಿ, ನಿಮ್ಮ ನಿಮ್ಮ ಕೆಲಸ ಅಲ್ಲೇ ಅವರ ಮೇಜಿನ ಮೇಲೆ ಮಾಡ್ರಿ," ಎಂದೆ. ಹೋದರು. ಒಬ್ಬಳು ಲ್ಯಾಪ್‌ಟಾಪ್ ಇಟ್ಟಳು, ಒಬ್ಬ ನಕಾಶೆ ಹಾಸಿದ, ಇನ್ನಿಬ್ಬರು ಅಲ್ಲೇ ವಾದಕ್ಕೆ ಬಿದ್ದರು. ಹಾಲಪ್ಪ ಸರ್ ಬೆಂಗಳೂರಿಗೆ ಫೋನ್ ಹಚ್ಚಿದ್ದರು. ಒಂದು ಕಿವಿಗೆ ಬೆರಳು ತುರುಕಿಕೊಂಡು, "ಹಲೋ, ಕೇಳ್ತಿಲ್ಲ, ಜೋರಾಗಿ ಹೇಳ್ರಿ," ಎಂದು ಒದರುತ್ತಿದ್ದರು. ಕಡೆಗೆ ಫೋನ್ ಕುಕ್ಕಿ, "ಏನ್ರಿ ಇದು, ಸಂತಿ ನೆರೆಸೀರಿ?" ಎಂದು ನನ್ನ ಮೇಲೆ ಗುಡುಗಿದರು.

"ಸಂತೆ ಅಲ್ಲ ಸರ್. ಜಗುಲೀನೂ ಯಜಮಾನನ ಕೋಣೇನೂ ಒಂದೇ ಮಾಡಿದ್ರೆ ಇದೇ ಆಗೋದು," ಎಂದೆ.

 ಹಾಲಪ್ಪ ಸರ್ ಮೇಜು ಕುಟ್ಟಿ ನಕ್ಕರು. "ಆತು, ನಿಮ್ಮ ಜಗುಲಿ ಬ್ಯಾರೇನೇ ಇರ್ಲಿ. ಆದ್ರ ಯಜಮಾನ ಒಬ್ಬನೇ. ಒಂದು ಮನಿಗೆ ಇಬ್ಬರು ಯಜಮಾನ್ರು ಎಲ್ಲಾದ್ರೂ ಅದಾರೇನ್ರಿ?"

"ಒಬ್ಬರು ಮಲಗಿದ್ರೆ ಇನ್ನೊಬ್ಬರು ಬೇಕಲ್ಲ ಸರ್. ಮೊದಲನೇದರ ಡಿಸ್ಕಿನಾಗೆ ಇರೋದೆಲ್ಲ ಎರಡನೇದರಾಗೂ ಒಂದು ನಕಲು ಇರ್ತೈತೆ. ಒಂದು ಕೆಟ್ಟರೂ ಮನೆ ನಡೀತೈತೆ."

"ಹೊಸಾ ಮಷೀನು ಯಾಕ ಕೆಡ್ತೈತ್ರಿ? ಒಳ್ಳೇದೇ ತಗೊಳ್ರಿ."

ಒಳ್ಳೆಯದನ್ನೇ ತೆಗೆದುಕೊಂಡೆ. ಯಜಮಾನನಿಗೆ ಓಟ ಬೇಕಿಲ್ಲ, ನಿಯತ್ತು ಬೇಕು ಎಂದು ಹಟ ಹಿಡಿದು ಹುಡುಕಿದೆ. ಕರೆಂಟಿನ ಒಂದು ದಾರಿ ಹೋದರೆ ಇನ್ನೊಂದು ದಾರಿಯಿಂದ ಉಸಿರಾಡುವಂಥದ್ದು, ಒಂದು ಡಿಸ್ಕು ಸತ್ತರೆ ಉಳಿದವು ಅದರ ಹೊರೆ ಹೊರುವಂಥದ್ದು. ಜಗುಲಿಯ ಯಂತ್ರಕ್ಕೆ ಮೆಮೊರಿ ಜಾಸ್ತಿ ಹಾಕಿಸಿದೆ, ಹತ್ತು ಜನ ಬಂದು ಕೂಡುವ ಜಾಗವಲ್ಲವೇ. ಎರಡನೆಯ ಯಜಮಾನನ ಜಾಗಕ್ಕೆ ಮಾತ್ರ ದುಡಿಯುವ ಯಂತ್ರಗಳು ಬಂದವು. ಆ ಸಾಲನ್ನು ಪಟ್ಟಿಯಲ್ಲಿ ನಾನೇ ಹೊಡೆದು ಹಾಕಿದೆ. ಮನೆಗೆ ಬಂದು ದೇವರಾಜ ಅರಸು ಬಡಾವಣೆಯ ನಮ್ಮ ಓಣಿಯಲ್ಲಿ ಗಾಡಿ ನಿಲ್ಲಿಸಿ, ಒಳಗೆ ಹೋಗದೆ ಸುಮ್ಮನೆ ಮಳೆಯಲ್ಲಿ ನಿಂತಿದ್ದೆ.

ಯಂತ್ರಗಳು ಬಂದದ್ದು ಶ್ರಾವಣದ ಒಂದು ಜಿಟಿಜಿಟಿ ಮಧ್ಯಾಹ್ನ. ಲಾರಿಯಿಂದ ಪೆಟ್ಟಿಗೆ ಇಳಿಸುವ ಹೊತ್ತಿಗೆ ಸರಿಯಾಗಿ ಮಳೆ ಜೋರಾಯಿತು. ಹಾಲಪ್ಪ ಸರ್ ಪಂಚೆ ಎತ್ತಿಕಟ್ಟಿ, ಊರಿಂದ ಮೊದಲೇ ತರಿಸಿಟ್ಟಿದ್ದ, ಭತ್ತದ ರಾಶಿಗೆ ಹೊದಿಸುವ ತಾಡಪಾಲು ಬಿಚ್ಚಿ, ತಾವೇ ಒಂದು ತುದಿ ಹಿಡಿದು ನಿಂತರು. ಇನ್ನೊಂದು ತುದಿಗೆ ಗಿರಿಜಾ. ಇಬ್ಬರೂ ತೊಯ್ದು ತೊಪ್ಪೆಯಾದರು. ಪೆಟ್ಟಿಗೆಗೆ ಒಂದು ಹನಿ ಬೀಳಲಿಲ್ಲ. ಆ ಮನುಷ್ಯರ ಮೇಲೆ ಸಿಟ್ಟು ಇಟ್ಟುಕೊಳ್ಳುವುದಾದರೂ ಹೇಗೆ?

ಕ್ಲಸ್ಟರು ನಡೆಯತೊಡಗಿತು. ಆದರೆ ನಮ್ಮ ಮಕ್ಕಳ ಒಂದು ಚಟ ನನಗೆ ತಲೆನೋವಾಯಿತು. ಒಳಗಿನ ಯಂತ್ರಗಳ ಮುಂದೆ ಸರದಿ ಇದ್ದರೆ ಕಾಯುವ ತಾಳ್ಮೆ ಇಲ್ಲ. ಜಗುಲಿಯಲ್ಲೇ, ಅಂದರೆ ಲಾಗಿನ್ ಸರ್ವರಿನಲ್ಲೇ, ಕೆಲಸ ಶುರುಮಾಡಿಬಿಡುವುದು. ಒಂದು ದಿನ ಎಲ್ಲರ ಪರದೆಯೂ ಒಟ್ಟಿಗೆ ಮರಗಟ್ಟಿ ನಿಂತಿತು. ಅಕ್ಷರ ಒತ್ತಿದರೆ ಮೂಡದು. ನನಗೆ ಗಾಬರಿ. ಹುಡುಕಿದರೆ ಗಿರಿಜಾ! ಹೊಳೆಯ ಲೆಕ್ಕದ ಅರ್ಧವನ್ನು ಜಗುಲಿಯ ಮೇಲೆ ಹರವಿಕೊಂಡು ಕೂತಿದ್ದಳು.

"ಜಗುಲಿ ಮ್ಯಾಲೆ ರಾಶಿ ಮಾಡ್ತೀಯೇನೇ? ಬರೋರು ಹೋಗೋರು ಎಲ್ಲಿ ಕಾಲಿಡಬೇಕು?" ಎಂದು ಬೈದೆ.

"ಒಳಗ ಸಾಲು ಭಾಳ ಐತೆ ಅಕ್ಕ. ನಂಗೆ ಟೈಮ್ ಎಲ್ಲೈತೆ?" ಎಂದು ತಲೆ ತಗ್ಗಿಸಿದಳು.

ಲೆಕ್ಕ ನಡೆಸಿದ್ದು ಸಾಲದೆಂದು ಫೈಲುಗಳನ್ನೂ ಅಲ್ಲೇ ಗುಡ್ಡೆ ಹಾಕುತ್ತಿದ್ದರು. ಅಲ್ಲಿಂದ ಮನೆಗೆ ಇಳಿಸಿಕೊಳ್ಳುವುದು ಸಲೀಸು ನೋಡಿ. ಹೀಗಾಗಿ ಒಂದು ಕಟ್ಟಳೆ ಮಾಡಿದೆ. ವಾರಕ್ಕೊಮ್ಮೆ ಬೆಳಿಗ್ಗೆ ಮ್ಯಾನೇಜ್‌ಮೆಂಟ್ ಸರ್ವರು ತಾನಾಗಿ ಅಪ್ಪಣೆ ಕೊಡುತ್ತದೆ: ಜಗುಲಿಯ ಮೇಲೆ ಬಿದ್ದದ್ದನ್ನೆಲ್ಲ ಗುಡಿಸಿ ಹಾಕು. ಆ ಹೊತ್ತಿಗೆ ಸರ್ವರು ಆರಿಹೋಗಿದ್ದರೆ, ಮತ್ತೆ ಎದ್ದ ಕೂಡಲೇ ತಪ್ಪಿದ ಅಪ್ಪಣೆಯನ್ನು ಮೊದಲು ಕೊಡುತ್ತದೆ. ಎಲ್ಲರನ್ನೂ ಕೂಡಿಸಿ ಹೇಳಿದ್ದೆ, "ಆಮೇಲೆ ನನ್ನ ಹತ್ರ ಅಳ್ತಾ ಬರಬ್ಯಾಡ್ರಿ. ಫೈಲ್ ಇಡೋ ಜಾಗ ಯಜಮಾನನ ಡಿಸ್ಕು." ಎಲ್ಲರೂ ತಲೆಯಾಡಿಸಿದರು. ಗಿರಿಜಾ ಎಲ್ಲರಿಗಿಂತ ಜೋರಾಗಿ ಆಡಿಸಿದಳು.

ಹುಬ್ಬೆ ಮಳೆಯ ಹೊತ್ತಿಗೆ ಹೊಳೆ ತುಂಬಿತು. ನಮ್ಮ ಕಡೆ ಬರೀ ತುಂತುರು. ಘಟ್ಟದಲ್ಲಿ ಬಿದ್ದ ಮಳೆಗೆ ಇಲ್ಲಿ ಹೊಳೆ ಏರುತ್ತದೆ. ಒಂದು ಭಾನುವಾರ ಗಿರಿಜಾ ನನ್ನನ್ನು ಗುತ್ತೂರಿಗೆ ಕರೆದುಕೊಂಡು ಹೋದಳು. ಹೊಲದ ಹಾದಿಯಲ್ಲಿ ಸ್ವಲ್ಪ ದೂರ ನಡೆದದ್ದಷ್ಟೇ, ಹಾದಿ ಅಲ್ಲಿಗೇ ಮುಗಿದಿತ್ತು. ಮುಂದೆ ಕೆಂಪು ನೀರು. ನೀರಿನ ನಡುವೆ ಪಂಪ್‌ಸೆಟ್ಟಿನ ಮನೆಯ ತಾರಸಿ ಮಾತ್ರ ಕಾಣುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಅವಳ ಮಗಳು ಅಜ್ಜಿಯ ಸೊಂಟದ ಮೇಲೆ ಕೂತು ನೀರಿನ ಕಡೆ ಕೈ ತೋರಿಸಿ ಕೇಕೆ ಹಾಕುತ್ತಿತ್ತು.

"ನಿನ್ನೆ ಸಂಜಿಗೆ ಇಲ್ಲಿ ಏನೂ ಇರ್ಲಿಲ್ಲ ಅಕ್ಕ," ಎಂದಳು ಗಿರಿಜಾ. "ಪಂಪ್ ಬಿಚ್ಚಿ ಮ್ಯಾಲೆ ತರೋಕೂ ಟೈಮ್ ಸಿಗ್ಲಿಲ್ಲ. ಪ್ರತೀ ಸಲ ಹಿಂಗೇ. ಒಂದು ದಿನ ಮುಂಚೆ ಗೊತ್ತಾದ್ರೆ ಸಾಕಾಗಿತ್ತು."

ಅವಳಿಗೆ ಆ ನಕಾಶೆ ಯಾಕೆ ಬೇಕು ಎಂದು ನಾನು ಮತ್ತೆಂದೂ ಕೇಳಲಿಲ್ಲ. ಮರುವಾರ ಸರದಿಯಲ್ಲಿ ಅವಳ ಕೆಲಸವನ್ನು ಮುಂದಕ್ಕೆ ತಂದೆ. ಕೇಳಿದವರಿಗೆ ಗಡುವಿನ ಪತ್ರ ತೋರಿಸಿ ಬಾಯಿ ಮುಚ್ಚಿಸಿದೆ. ಕೊನೆಯ ದೊಡ್ಡ ಲೆಕ್ಕ ಶುರುವಾಗಿ ವಾರಗಟ್ಟಲೆ ಓಡಿತು. ಗಿರಿಜಾ ಬೆಳಿಗ್ಗೆ ಬಂದವಳು ಮೊದಲು ಸರ್ವರ್ ಕೋಣೆಯ ಗಾಜಿಗೆ ಮೂಗು ಒತ್ತಿ ಒಳಗಿನ ಹಸಿರು ದೀಪಗಳನ್ನು ನೋಡುತ್ತಿದ್ದಳು. ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ಲೆಕ್ಕ ಮುಗಿಯಿತು. ಪರದೆಯ ಮೇಲೆ ಹರಿಹರ ನೀಲಿಯಾಗಿ, ಗುತ್ತೂರಿನ ಹೊಲ ನೀಲಿಯಾಗಿ, ಪಂಪ್‌ಸೆಟ್ಟಿನ ಮನೆಯ ಸುತ್ತ ನೀಲಿಯಾಗಿ ತೆರೆದುಕೊಂಡಿತು. ನಾವು ಕಣ್ಣಾರೆ ಕಂಡದ್ದೇ ಅಲ್ಲಿತ್ತು. ಅವಳು ನನ್ನನ್ನು ತಬ್ಬಿಕೊಂಡು ಗಿರಗಿರ ತಿರುಗಿಸಿದಳು. ಅದೇ ಸಂಜೆ ನಾನು ನೆಮ್ಮದಿಯಾಗಿ ಮಲೆಬೆನ್ನೂರಿನ ತವರಿಗೆ ಹೋದೆ.

ಹೋಗುವ ಮುಂಚೆ ಹಾಲಪ್ಪ ಸರ್ ಹತ್ತಿರ ಒತ್ತಿ ಒತ್ತಿ ಹೇಳಿದ್ದೆ, "ನಾಳೆ ನಾನು ಬರೋ ತನಕ ಪೂಜೆ ಮಾಡಬ್ಯಾಡ್ರಿ ಸರ್. ಮಷೀನ್ ಮ್ಯಾಲೆ ನೀರು ಹಾಕಬ್ಯಾಡ್ರಿ, ಕೋಣೆ ಒಳಗೆ ಹೊಗೆ ಬ್ಯಾಡ."

"ಏ, ಹಂಗೆಲ್ಲಾ ಮಾಡ್ತೀವೇನ್ರಿ ಮೇಡಂ? ನಿಶ್ಚಿಂತೆಯಿಂದ ಹೋಗಿ ಬರ್ರಿ," ಎಂದಿದ್ದರು.

ಬೆಳಿಗ್ಗೆ ಬಸ್ಸು ಮಲೆಬೆನ್ನೂರು ದಾಟುವುದೇ ದೊಡ್ಡ ಸಾಹಸವಾಯಿತು. ರಸ್ತೆ ತುಂಬ ಬಾಳೆಕಂಬ ಕಟ್ಟಿದ ಟ್ರ್ಯಾಕ್ಟರುಗಳು. ಒಂದೊಂದೂ ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿಕೊಂಡು, ಮೆರವಣಿಗೆ ಮಾಡಿಕೊಂಡು ಹೊರಟಿದ್ದವು. ಕಾಲೇಜು ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಕೈಯಲ್ಲಿ ಎಲ್ಲರಿಗೆಂದು ತಂದ ಮಂಡಕ್ಕಿ, ಬೆಲ್ಲ, ಪುಟಾಣಿಯ ಚೀಲ. ಮೆಟ್ಟಿಲು ಹತ್ತುತ್ತಿದ್ದಂತೆ ಕರ್ಪೂರದ ವಾಸನೆ ಬಂತು. ಸರ್ವರ್ ಕೋಣೆಯ ಹೊರಗಿನ ಪಡಸಾಲೆಯಲ್ಲಿ ಜನ. ಜನರ ನಡುವೆ ಉದ್ದಕ್ಕೆ ಹಾಸಿದ ಬಾಳೆಲೆ.

ಬಾಳೆಲೆಯ ಮೇಲೆ ಡಿಸ್ಕುಗಳು.

ಯಜಮಾನ ಸರ್ವರಿನ ಡಿಸ್ಕುಗಳು! ಎದೆಯಿಂದ ಕಿತ್ತು ತಂದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಕುಡುಗೋಲು ಸಾಲಾಗಿ ಇಟ್ಟಂತೆ ಇಟ್ಟಿದ್ದರು. ಒಂದೊಂದರ ಮೇಲೂ ಹಸಿ ಅರಿಶಿನ, ಕುಂಕುಮ, ಚೆಂಡುಹೂವು. ಮುಂದೆ ಮಂಡಿಯೂರಿ ಕೂತು ಕೊನೆಯದಕ್ಕೆ ಕುಂಕುಮ ಹಚ್ಚುತ್ತಿದ್ದವಳು ಗಿರಿಜಾ. ಹೊಸ ಸೀರೆ ಉಟ್ಟಿದ್ದಳು. ನನ್ನನ್ನು ಕಂಡು ಮುಖ ತುಂಬ ನಕ್ಕಳು.

ನನ್ನ ಕೈಯ ಚೀಲ ಬಿತ್ತು. ಮಂಡಕ್ಕಿ ಪಡಸಾಲೆ ತುಂಬ ಚೆಲ್ಲಿತು.  ಜನರನ್ನು ತಳ್ಳಿಕೊಂಡು ಎಲೆಯ ಮುಂದೆ ಹೋಗಿ ನಿಂತೆ.

"ಏನು... ಏನು ಮಾಡಿದಿರೇ?"

"ನನ್ನ ಕೆಲಸ ಎಲ್ಲಾ ಇದ್ರಾಗೇ ಐತಲ್ಲಕ್ಕ, ಅದಕ್ಕೇ ನಾನೇ ಹಚ್ತೀನಿ ಅಂದೆ," ಎಂದಳು. "ಸರ್ ಮೊದಲು ಮಷೀನ್ ಬಂದ್ ಮಾಡಿದ್ರು. ಹುಷಾರಾಗೇ ಹೊರಗ ತಗದ್ವಿ. ನೋಡ್ರಿ, ಬಾಯಿಗೇ ಹಚ್ಚೀನಿ. ನಮ್ಮನ್ಯಾಗ ಪಂಪ್‌ಸೆಟ್ಟಿಗೂ ಬಾಯಿಗೇ ಹಚ್ಚೋದು."

ಬಾಯಿ! ಡಿಸ್ಕು ಸರ್ವರಿಗೆ ಕಚ್ಚಿಕೊಳ್ಳುವ ಆ ಸಣ್ಣ ಸಣ್ಣ ಬಂಗಾರದ ಹಲ್ಲುಗಳು. ಒಂದೊಂದರ ಸಂದಿಯಲ್ಲೂ ಒದ್ದೆ ಅರಿಶಿನ ಮೆತ್ತಿತ್ತು.  ಗೋಡೆ ಹಿಡಿದುಕೊಂಡೆ.

ಆಗಲೇ ನೋಡಿದ್ದು, ಎಲೆಯ ಮೇಲೆ ಇರುವುದು ಅರ್ಧವೇ. ಉಳಿದವು ಎಲ್ಲಿ? ತಿರುಗಿದರೆ ಕೋಣೆಯ ಒಳಗಿನಿಂದ ಹಾಲಪ್ಪ ಸರ್ ದೊಡ್ಡ ದನಿ ಕೇಳಿಸಿತು.

"ಬಂದ್ರಾ ಮೇಡಂ? ಬರ್ರಿ ಬರ್ರಿ. ನೀರು ಮಷೀನ್ ಮ್ಯಾಲೆ ಬ್ಯಾಡ ಅಂದಿದ್ರಲ್ಲ, ಅದಕ್ಕೇ ಬಿಚ್ಚಿ ಹೊರಗ ತಗಂಡ್ವಿ. ಹೊಗೀನೂ ಒಳಗ ಬಿಟ್ಟಿಲ್ಲ. ಲೆಕ್ಕ ಮಾಡೋ ಮಷೀನು ಒಂದೂ ಮುಟ್ಟಿಲ್ಲ, ಅವು ದುಡೀಲಿ. ಇದು ಹೆಂಗೂ ಲೆಕ್ಕ ಮಾಡಲ್ಲ ಅಂತ ನೀವೇ ಹೇಳಿದ್ರಿ. ಯಜಮಾನನಿಗೆ ವರ್ಷಕ್ಕೊಂದು ದಿನ ಪೂಜೆ ಆಗ್ಲಿ. ಪೂಜೆ ಆಗಿದ್ದು ಅರ್ಧ ವಾಪಸ್ ಹಾಕೀನಿ. ಒಂದು ಸಲ ಚಾಲೂ ಮಾಡಿ ತೋರಿಸಿ, ಆಮ್ಯಾಲೆ ಉಳಿದಿದ್ದು..."

"ಬ್ಯಾಡ್ರೀ!" ಎಂದು ಚೀರಿದೆ.

ತಡವಾಗಿತ್ತು. ಗುಂಡಿ ಒತ್ತಿಯಾಗಿತ್ತು. ಫ್ಯಾನುಗಳು ಭರ್ರೆಂದವು. ಒಳಗೆ ಎಲ್ಲೋ ಚಟ್ ಎಂದಿತು, ಮತ್ತೊಮ್ಮೆ ಚಟ್ ಎಂದಿತು. ಕರ್ಪೂರದ ವಾಸನೆಯ ಮೇಲೆ ಇನ್ನೊಂದು ವಾಸನೆ ಬಂತು, ಅರಿಶಿನ ಸುಟ್ಟ ವಾಸನೆ. ಡಿಸ್ಕಿನ ಸಾಲಿನಲ್ಲಿ ಹಸಿರು ಇರಬೇಕಾದ ಕಡೆಯೆಲ್ಲ ಕೆಂಪು ದೀಪ ಹತ್ತಿಕೊಂಡಿತು.

ಅಯ್ಯೋ ಶಿವನೇ! ಒಂದು ಡಿಸ್ಕು ಸತ್ತರೆ ಉಳಿದವು ಹೊರುವಂಥ ಯಂತ್ರ ಆರಿಸಿದ್ದೆನಲ್ಲ, ಇಲ್ಲಿ ಅರ್ಧಕ್ಕರ್ಧ ಒಟ್ಟಿಗೆ ಸತ್ತರೆ ಎಲೆಯ ಮೇಲೆ ಉಳಿದವು ಹೊರುವುದು ಹೇಗೆ? ನಕಲು ಇಡಬೇಕಿದ್ದ ಎರಡನೆಯ ಯಜಮಾನ ಬಂದೇ ಇರಲಿಲ್ಲ.  ಹಾಲಪ್ಪ ಸರ್ ನನ್ನ ಮುಖ ನೋಡಿ, ದೀಪ ನೋಡಿ, ಮತ್ತೆ ನನ್ನ ಮುಖ ನೋಡಿದರು. ಅಷ್ಟು ದೊಡ್ಡ ದನಿ 'ಮೇಡಂ' ಎಂಬ ಒಂದೇ ಪಿಸುಮಾತಾಗಿ ಹೊರಟಿತು.

ಗಿರಿಜಾ ಬಾಗಿಲಲ್ಲಿ ನಿಂತಿದ್ದಳು. ಕೈಬೆರಳೆಲ್ಲ ಕುಂಕುಮ. "ಏನಾತಕ್ಕ?"

ನನಗೆ ಸುಳ್ಳು ಹೇಳಲು ಬರಲಿಲ್ಲ. "ಡಿಸ್ಕು ಸುಟ್ಟವು ಗಿರಿಜಾ. ಅದರಾಗಿದ್ದಿದ್ದು ಇನ್ನು ಬರಲ್ಲ."

ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ತನ್ನ ಬೆರಳುಗಳನ್ನೇ ನೋಡಿಕೊಂಡಳು. ಒಂದೊಂದೇ ಬೆರಳನ್ನು ಹೊಸ ಸೀರೆಯ ಸೆರಗಿಗೆ ಒರೆಸಿದಳು, ಮತ್ತೆ ಒರೆಸಿದಳು. ಕುಂಕುಮ ಹೋಗುತ್ತಿರಲಿಲ್ಲ. "ನಾನೇ ಹಚ್ಚಿದ್ದು," ಎಂದಳು. ಆಮೇಲೆ ಹೊಸ್ತಿಲ ಮೇಲೆ ಹಾಗೇ ಕುಸಿದು ಕೂತಳು.  ಮತ್ತೆ ಆ ಲೆಕ್ಕ ಓಡಿಸಲು ವಾರಗಳು ಬೇಕು. ಗಡುವಿಗೆ ದಿನಗಳಷ್ಟೇ ಇದ್ದವು.

 ಸರ್ವರಿನ ಪರದೆಯಲ್ಲಿ ಅಕ್ಷರ ಮೂಡುತ್ತಿದ್ದವು. ಎದ್ದು ನಿಲ್ಲುವುದಕ್ಕೆ ಅದಕ್ಕೆ ಬೇಕಾದದ್ದು ಒಳಗಿನ ಬೇರೆ ಸಣ್ಣ ಡಿಸ್ಕಿನಲ್ಲಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಯಜಮಾನ ಏಳುತ್ತಿದ್ದ, ಮನೆಯೊಳಗೆ ಏನೂ ಉಳಿದಿಲ್ಲ ಎಂಬ ಅರಿವಿಲ್ಲದೆ.

ಆಗ ಗಿರಿಜಾ ಬಹಳ ಸಣ್ಣ ದನಿಯಲ್ಲಿ ಹೇಳಿದಳು, "ಅಕ್ಕ, ಬೈಬ್ಯಾಡ್ರಿ. ಒಂದು ಕಾಪಿ ಜಗುಲಿ ಮ್ಯಾಲೆ ಇಟ್ಟೀನಿ."

"ಏನಂದೆ?"

"ನಿನ್ನೆ ಲೆಕ್ಕ ಮುಗೀತಲ್ಲ, ಮನೆಗೆ ಹೋಗಿ ಅಪ್ಪಗೆ ತೋರಿಸಬೇಕು ಅಂತ ಎಲ್ಲಾನೂ ಲಾಗಿನ್ ಸರ್ವರಿಗೆ ಹಾಕಿದ್ದೆ. ರಾತ್ರಿ ನಮ್ಮೂರಾಗೆ ನೆಟ್ವರ್ಕ್ ಬರ್ಲಿಲ್ಲ, ಇಳಿಸಿಕೊಳ್ಳೋಕೆ ಆಗ್ಲಿಲ್ಲ. ನೀವು ಅಲ್ಲಿ ಇಡಬ್ಯಾಡ್ರಿ ಅಂದಿದ್ರಿ. ಬೈತೀರಿ ಅಂತ ಹೇಳ್ಲಿಲ್ಲ."

ಬೈಯುವುದೆಲ್ಲಿ ಬಂತು, ಅವಳ ಕಾಲಿಗೆ ಬೀಳಬೇಕು ಅನ್ನಿಸಿತು. ಉಳಿಯಿತು ಎಂದು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ನಿಂತಿತು. ಇವತ್ತು ಯಾವ ವಾರ? ಗುಡಿಸುವ ವಾರ. ಬೆಳಿಗ್ಗೆ ಅಪ್ಪಣೆ ಕೊಡಬೇಕಾದ ಯಜಮಾನ ಆರಿಹೋಗಿದ್ದ. ಅದಕ್ಕೇ ಜಗುಲಿ ಇಲ್ಲಿಯ ತನಕ ಗುಡಿಸದೆ ಉಳಿದಿತ್ತು. ಈಗ ಅವನು ಏಳುತ್ತಿದ್ದಾನೆ. ಎದ್ದ ಕೂಡಲೇ ಮೊದಲ ಮಾತು, ಗುಡಿಸು!

ಪರದೆಯ ಕಡೆ ನೋಡಿದೆ. ಎದ್ದುಬಿಟ್ಟಿದ್ದ.

ಹೇಗೆ ಓಡಿದೆನೋ ತಿಳಿಯದು. ಚೆಲ್ಲಿದ ಮಂಡಕ್ಕಿಯ ಮೇಲೆ ಕಾಲು ಜಾರಿತು. ಹಾಲಪ್ಪ ಸರ್ ಅವರನ್ನು ಪಕ್ಕಕ್ಕೆ ನೂಕಿದೆ, ಪ್ರಿನ್ಸಿಪಾಲರನ್ನು! ಸರ್ವರಿನ ಬೆನ್ನ ಹಿಂದೆ ಕೈ ಹಾಕಿ ಒಂದು ವೈರು ಎಳೆದೆ. ಫ್ಯಾನು ನಿಲ್ಲಲಿಲ್ಲ. ಎರಡು ದಾರಿಯಿಂದ ಉಸಿರಾಡುವ ಯಂತ್ರ, ನಾನೇ ಹಟ ಮಾಡಿ ಆರಿಸಿದ್ದು! "ಸಾಯೋ ನಿನ್ನ!" ಎಂದು ಕೂಗಿ ಎರಡನೆಯದನ್ನೂ ಕಿತ್ತೆ. ಕೋಣೆಯ ಒಂದು ಸದ್ದು ಥಟ್ಟನೆ ಅಡಗಿತು.

"ಹೋತಾ ಅಕ್ಕ?" ಎಂದಳು ಗಿರಿಜಾ.

ಲಾಗಿನ್ ಸರ್ವರಿನ ಮುಂದೆ ಕೂತೆ. ಬೆರಳು ಒಂದರ ಮೇಲೊಂದು ಬೀಳುತ್ತಿದ್ದವು, ಪಾಸ್‌ವರ್ಡ್ ತಪ್ಪಿತು, ಮತ್ತೆ ತಪ್ಪಿತು. ಕಡೆಗೆ ಒಳಗೆ ಹೋದೆ. ಗುಡಿಸುವುದು ಶುರುವಾಗಿತ್ತು. ಗಿರಿಜಾಳಿಗಿಂತ ಮೊದಲು ಹೆಸರು ಬರುವವರ ಜಾಗವೆಲ್ಲ ಖಾಲಿ. ಗಿರಿಜಾಳ ಜಾಗಕ್ಕೂ ಕಸಬರಿಗೆ ಬಂದಿತ್ತು. ಹಳೆಯ ಪ್ರಯೋಗಗಳು ಒಂದೂ ಇರಲಿಲ್ಲ. ಕೆಳಗಿಳಿದೆ. ಖಾಲಿ, ಖಾಲಿ, ಖಾಲಿ. ಎಲ್ಲಕ್ಕೂ ಕೊನೆಯಲ್ಲಿ ಒಂದೇ ಒಂದು ಉಳಿದಿತ್ತು. ತೆರೆದೆ. ಹರಿಹರ ನೀಲಿಯಾಗಿ, ಗುತ್ತೂರಿನ ಹೊಲ ನೀಲಿಯಾಗಿ, ಪಂಪ್‌ಸೆಟ್ಟಿನ ಮನೆಯ ಸುತ್ತ ನೀಲಿಯಾಗಿ ಪರದೆ ತುಂಬಿಕೊಂಡಿತು.

ಗಿರಿಜಾ ಆಗ ಅತ್ತಳು. ಅವಳು ಅತ್ತದ್ದು ಕೇಳಿ ಕೆಳಗಿನ ಮಹಡಿಯವರೂ ಓಡಿಬಂದರು. ನಾನೂ ಅತ್ತೆ, ಅದನ್ನು ಯಾಕೆ ಮುಚ್ಚಿಡಲಿ. ಹಾಲಪ್ಪ ಸರ್ ಒಡೆಯಲೆಂದು ತಂದ ತೆಂಗಿನಕಾಯಿಯನ್ನು ಎದೆಗವಚಿಕೊಂಡು ಮೂಲೆಯಲ್ಲಿ ನಿಂತಿದ್ದರು. ಬಹಳ ಹೊತ್ತಿನ ಮೇಲೆ, "ಮೇಡಂ, ಇದನ್ನ ಒಡೀಲಾ, ಬ್ಯಾಡಾ?" ಎಂದು ಕೇಳಿದರು. "ಹೊರಗೆ, ರಸ್ತೆ ಮ್ಯಾಲೆ ಒಡೀರಿ ಸರ್," ಎಂದೆ. ಹಾಗೇ ಮಾಡಿದರು. ಮುಂದೆ ಎರಡನೆಯ ಯಜಮಾನನೂ ಬಂದ. ಯಾಕೆ ಬೇಕೆಂದು ಯಾರೂ ನನ್ನನ್ನು ಕೇಳಲಿಲ್ಲ.

ಗಿರಿಜಾ ಗಡುವಿನೊಳಗೆ ಪ್ರಬಂಧ ಕೊಟ್ಟಳು. ಈಗ ಹರಿಹರದಲ್ಲೇ ಪಾಠ ಮಾಡುತ್ತಾಳೆ. ಹೊಳೆ ಏರುವ ಮುನ್ನ ಅವಳ ಅಪ್ಪ ಪಂಪ್ ಬಿಚ್ಚಿ ಮೇಲೆ ತರುತ್ತಾರಂತೆ. ಸುಟ್ಟ ಡಿಸ್ಕುಗಳಲ್ಲಿ ಒಂದನ್ನು ನಾನು ಕೇಳಿ ಇಸಿದುಕೊಂಡೆ. ಅದು ನಮ್ಮ ಮನೆಯ ದೇವರ ಗೂಡಿನಲ್ಲಿದೆ. ಬಾಯಿಯ ಅರಿಶಿನ ಕಪ್ಪಗಾಗಿ ಹಾಗೇ ಉಳಿದಿದೆ. ಪ್ರತಿ ಆಯುಧಪೂಜೆಗೆ ಅದಕ್ಕೊಂದು ಬೊಟ್ಟು ಕುಂಕುಮ ಇಡುತ್ತೇನೆ. ಇನ್ನು ಅದಕ್ಕೆ ಆಗುವುದೇನಿದೆ?

ಈ ಸಲ ಹರಿಹರದಿಂದ ಬಂದವಳಿಗೆ ಆ ಸಂಜೆ ಅದನ್ನು ಮುಟ್ಟಲು ಮನಸ್ಸೇ ಆಗಲಿಲ್ಲ. ಮರುದಿನ ಗಿರಿಜಾ ಮಗಳನ್ನು ಕರೆದುಕೊಂಡು ಬನ್ನಿ ಕೊಡಲು ಬಂದಳು. "ಬನ್ನಿ ತಗೊಂಡು ಬಂಗಾರದಂಗಿರ್ರಿ ಅಕ್ಕ," ಎಂದು ಎಲೆ ಕೈಗಿಟ್ಟು ಕಾಲು ಮುಟ್ಟಿದಳು. ದೇವರ ಗೂಡಿನ ಮುಂದೆ ನಿಂತಾಗ ಡಿಸ್ಕು ಕಣ್ಣಿಗೆ ಬಿತ್ತು. ಬೊಟ್ಟಿಲ್ಲದೆ ಬೋಳಾಗಿತ್ತು. "ನಿನ್ನೆ ಇಡೋಕೆ ಆಗಲಿಲ್ಲ, ನೀನೇ ಇಡು," ಎಂದು ಕುಂಕುಮದ ಬಟ್ಟಲು ಅವಳ ಮುಂದೆ ಹಿಡಿದೆ.

ಗಿರಿಜಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.